ಪ್ರವಾಸಕ್ಕೆ ಮುನ್ನ ರಾಜಧಾನಿಯ ಪರಿಚಯ: ಪಾಲಮಲೆಯಿಂದ ಚೆನ್ನೈಗೆ

ಸಮಾಜ ವಿಜ್ಞಾನದ ತರಗತಿಗಳಲ್ಲಿ ‘ದೇಶ – ರಾಜಧಾನಿ’ ಎಂಬ ಎರಡು ಕಲಮುಗಳ ಪಟ್ಟಿಗೆ ಬಹು ಹಿಂದಿನಿಂದಲೂ ಒಂದು ಸ್ಥಾನವಿದೆ. ನೇಪಾಳ – ಕಠ್ಮಂಡು, ಜಪಾನ್ – ಟೋಕಿಯೊ, ಆಸ್ಟ್ರೇಲಿಯ – ಕ್ಯಾನ್‌ಬೆರ್ರಾ ಎಂದು ಮಕ್ಕಳು ರಾಗವಾಗಿ ಒಪ್ಪಿಸುತ್ತಾರೆ. ಬಾಯಿಪಾಠವನ್ನು ತೀರ ಹಳಿಯಬೇಕಾದ ಕಾರಣವಿಲ್ಲ; ಹೆಸರು ನಾಲಗೆಯ ಮೇಲಿದ್ದರೆ ಮುಂದೆ ಅದರ ಮೇಲೆ ಏನನ್ನಾದರೂ ಕಟ್ಟಬಹುದು. ಆದರೆ ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳ ಪೈಪೋಟಿಯನ್ನು ತಪ್ಪಿಸಲೆಂದೇ ಅವೆರಡರ ನಡುವೆ ಕ್ಯಾನ್‌ಬೆರ್ರಾವನ್ನು ಹೊಸದಾಗಿ ಕಟ್ಟಲಾಯಿತು ಎಂಬ ಸಂಗತಿ ತಿಳಿಯುವವರೆಗೆ ‘ರಾಜಧಾನಿ ಅಲ್ಲಿಯೇ ಏಕೆ?’ ಎಂಬ ಪ್ರಶ್ನೆ ಮಗುವಿನಲ್ಲಿ ಹುಟ್ಟುವುದಿಲ್ಲ. ಆ ಪ್ರಶ್ನೆ ಹುಟ್ಟದ ಮಗುವನ್ನು ರಾಜಧಾನಿಗೆ ಕರೆದೊಯ್ದರೂ ಅದು ಕಾಣುವುದು ಎತ್ತರದ ಕಟ್ಟಡ, ವಾಹನಗಳ ದಟ್ಟಣೆ, ಐಸ್‌ಕ್ರೀಮ್ ಗಾಡಿ ಇಷ್ಟನ್ನೇ.

ತಮಿಳುನಾಡಿನ ಕನ್ನಡ ಮಾಧ್ಯಮ ಶಾಲೆಗಳ ಮೇಲಿನ ತರಗತಿಗಳ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಅಣಿಗೊಳಿಸುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಉದಾಹರಣೆಗಾಗಿ ಪಾಲಮಲೆಯನ್ನು ಆಯ್ದುಕೊಳ್ಳಲಾಗಿದೆ. ಮೇಟ್ಟೂರು ಜಲಾಶಯದ ಪಡುವಣ ಬದಿಯಲ್ಲಿ, ಕೊಳತ್ತೂರಿನ ಕಡೆ ಎದ್ದುನಿಂತ ಈ ಮಲೆಯ ನೆತ್ತಿಯಲ್ಲಿ ಸಿದ್ಧೇಶ್ವರನ ಗುಡಿ ಇದೆ. ಕೆಳಗೆ ನೋಡಿದರೆ ಕಾವೇರಿಯ ಹಿನ್ನೀರು. ಅದರಾಚೆ ಮೂಡಣ ದಿಕ್ಕಿಗೆ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಬಯಲು. ಬಡಗಣಕ್ಕೆ ಪಾಲಾರ್ ಹಳ್ಳದ ಆಚೆ ಮಲೆ ಮಹದೇಶ್ವರನ ಬೆಟ್ಟಗಳು. ಈ ಸೀಮೆಯ ಕನ್ನಡ ಮನೆಯ ಮಗುವಿಗೆ ರಾಜಧಾನಿ ಯಾವುದು? ಪಾಠ ಈ ಪ್ರಶ್ನೆಯಿಂದಲೇ ಆರಂಭವಾಗಲಿ.

ಯಾವ ರಾಜಧಾನಿ?

ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿ ಸುಮ್ಮನಿದ್ದರೆ ಮೂರು ಉತ್ತರಗಳು ಬರುತ್ತವೆ. ದೇಶದ ರಾಜಧಾನಿ ದೆಹಲಿ. ರಾಜ್ಯದ ರಾಜಧಾನಿ ಚೆನ್ನೈ. ಕನ್ನಡದ ಊರೆಂದು ಮನೆಯಲ್ಲಿ ಮಾತಾಗುವುದು ಬೆಂಗಳೂರು. ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆಯಬೇಕು. ಯಾವ ಉತ್ತರವನ್ನೂ ತಪ್ಪೆಂದು ಅಳಿಸಬಾರದು.

ಕನ್ನಡ ಮಾಧ್ಯಮದ ಶಾಲೆಗಳು ಪ್ರವಾಸವೆಂದೊಡನೆ ಬೆಂಗಳೂರು, ಮೈಸೂರು, ಶ್ರೀರಂಗಪಟ್ಟಣಗಳತ್ತ ಮುಖ ಮಾಡುವುದು ಸಹಜ. ಭಾಷೆಯ ನಂಟು ಅಂಥದ್ದು. ಸೇಲಂನಿಂದ ಬೆಂಗಳೂರು ಸುಮಾರು 200 ಕಿ.ಮೀ., ಚೆನ್ನೈ ಸುಮಾರು 340 ಕಿ.ಮೀ. ಎಂಬ ದೂರದ ಲೆಕ್ಕವೂ ಇದೆ. ಆದರೂ ಚೆನ್ನೈಗೇ ಮೊದಲ ಸ್ಥಾನ ಸಲ್ಲಬೇಕು. ಮಗುವಿನ ಪಠ್ಯಪುಸ್ತಕ ಸಿದ್ಧವಾಗುವುದು ಅಲ್ಲಿ, ಅದರ ಶಾಲೆಗೆ ಶಿಕ್ಷಕರನ್ನು ನೇಮಿಸುವ ಆದೇಶ ಹೊರಡುವುದು ಅಲ್ಲಿ, ಅದರ ಮಲೆಗೆ ರಸ್ತೆ ಬೇಕೆಂಬ ಅರ್ಜಿ ಕೊನೆಗೆ ಹೋಗಿ ಸೇರುವುದೂ ಅಲ್ಲಿಯೇ. ನಾಳೆ ಉನ್ನತ ವ್ಯಾಸಂಗಕ್ಕೋ, ನ್ಯಾಯಾಲಯದ ಕೆಲಸಕ್ಕೋ, ದೊಡ್ಡ ಆಸ್ಪತ್ರೆಗೋ ಅದೇ ಮಗು ಅಲ್ಲಿಗೆ ಒಂಟಿಯಾಗಿ ಹೋಗಬೇಕಾಗಬಹುದು. ಅಲ್ಪಸಂಖ್ಯಾತ ಭಾಷೆಯ ಮಗು ತನ್ನ ರಾಜ್ಯದ ರಾಜಧಾನಿಯನ್ನು ‘ಅವರ ಊರು’ ಎಂದು ಭಾವಿಸಿ ಬೆಳೆದರೆ ಅದರ ನಷ್ಟ ಆ ಮಗುವಿನದೇ. ಸಂವಿಧಾನದ 350-ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಆ ಸೌಲಭ್ಯವನ್ನು ಕೇಳಿ ಪಡೆಯಬೇಕಾದ ಬಾಗಿಲು ಎಲ್ಲಿದೆಯೆಂಬುದೂ ಮಗುವಿಗೆ ಗೊತ್ತಿರಬೇಕಲ್ಲವೇ?

ರಾಜಧಾನಿ ಎಂಬುದು ಬೆಟ್ಟದಂತೆ ನಿಂತಲ್ಲಿಯೇ ನಿಲ್ಲುವ ವಸ್ತುವಲ್ಲವೆಂದು ತೋರಿಸಲು ಪಾಲಮಲೆಯ ನೆರೆಹೊರೆಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಒಂಬತ್ತು–ಹತ್ತನೆಯ ಶತಮಾನಗಳಲ್ಲಿ ಧರ್ಮಪುರಿ ಸೀಮೆ ನೊಳಂಬರ ಕೈಯಲ್ಲಿತ್ತು. ಅವರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಆಂಧ್ರಪ್ರದೇಶದ ಹೇಮಾವತಿ ಎಂಬ ಚಿಕ್ಕ ಹಳ್ಳಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದಿಂದ ಹೊರಟ ಆಜ್ಞೆ ಇಲ್ಲಿ ನಡೆಯುತ್ತಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಟಿಪ್ಪುವಿನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋದವು. ಕಾವೇರಿಯ ಪಡುವಣ ದಡದ ಸೀಮೆ 1799ರಲ್ಲಿ ಹೋಯಿತು. ಅಂದಿನಿಂದ ರಾಜಧಾನಿ ಮದರಾಸು. ಇನ್ನೊಂದು ಸಂಗತಿ ಮಕ್ಕಳನ್ನು ಖಂಡಿತವಾಗಿ ಬೆರಗುಗೊಳಿಸುತ್ತದೆ: ಮಹದೇಶ್ವರ ಬೆಟ್ಟವನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎಂದರೆ ಇಂದು ಬೇರೆ ರಾಜ್ಯಗಳಲ್ಲಿರುವ ಪಾಲಮಲೆ ಮತ್ತು ಮಹದೇಶ್ವರ ಬೆಟ್ಟ ಅಂದು ಒಂದೇ ರಾಜಧಾನಿಯನ್ನು ನೋಡುತ್ತಿದ್ದವು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರೆ ಅವರು ಬಾಲ್ಯದಲ್ಲಿ ಬೆಟ್ಟಕ್ಕೆ ಹೋದಾಗ ಗಡಿ ದಾಟಿರಲಿಲ್ಲ. ಮಕ್ಕಳು ಅವರನ್ನು ಕೇಳಿಕೊಂಡು ಬರಲಿ.

ಈ ಹೆಸರುಗಳನ್ನೆಲ್ಲ ಇಸವಿಗಳೊಡನೆ ಬರೆಸಿ ಕಂಠಪಾಠ ಮಾಡಿಸುವ ಅಗತ್ಯವಿಲ್ಲ. ದಕ್ಷಿಣ ಭಾರತದ ನಕ್ಷೆಯ ಮೇಲೆ ಪಾಲಮಲೆಯ ಜಾಗದಲ್ಲಿ ಒಂದು ಗುಂಡುಸೂಜಿ ಚುಚ್ಚಿ, ಅಲ್ಲಿಂದ ಹೇಮಾವತಿಗೆ, ಶ್ರೀರಂಗಪಟ್ಟಣಕ್ಕೆ, ಚೆನ್ನೈಗೆ, ದೆಹಲಿಗೆ ಬೇರೆ ಬೇರೆ ಬಣ್ಣದ ದಾರಗಳನ್ನು ಎಳೆದರೆ ಸಾಕು. ಸೂಜಿ ಕದಲುವುದಿಲ್ಲ, ದಾರಗಳು ಬದಲಾಗುತ್ತವೆ.

ನೀರಿನ ದಾರಿ

ಯಾವ ನಾಡನ್ನು ಪರಿಚಯಿಸುವಾಗಲೂ ಮಗುವಿನ ಮನೆಯಿಂದ ಅಲ್ಲಿಗೆ ಈಗಾಗಲೇ ಹೋಗುತ್ತಿರುವ ಯಾವುದಾದರೊಂದು ವಸ್ತುವನ್ನು ಹುಡುಕಬೇಕು. ಅಕ್ಕಿ, ಹತ್ತಿ, ರೈಲು, ಪತ್ರ, ಹಣ ಏನಾದರೂ ಆಗಬಹುದು. ಪಾಲಮಲೆಯ ಮಕ್ಕಳಿಗೆ ಅದು ಕಣ್ಣೆದುರಿಗೇ ಇರುವ ನೀರು.

ಮೇಟ್ಟೂರು ಅಣೆಕಟ್ಟೆಯ ಕೆಲಸ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿಯಿತು. ಅಂದಿನ ಮದರಾಸು ಗವರ್ನರ್ ಜಾರ್ಜ್ ಫ್ರೆಡರಿಕ್ ಸ್ಟ್ಯಾನ್ಲಿಯ ಹೆಸರನ್ನು ಜಲಾಶಯಕ್ಕೆ ಇಡಲಾಯಿತು. ಪೂರ್ಣ ಮಟ್ಟ 120 ಅಡಿ. ಸಂಗ್ರಹ ಸಾಮರ್ಥ್ಯ 93.47 ಟಿ.ಎಂ.ಸಿ. ಜಲಾಶಯ ತುಂಬಿದಾಗ ಹಲವು ಹಳ್ಳಿಗಳು ಮುಳುಗಿದವು. ನೀರು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಚರ್ಚಿನ ಗೋಪುರವೂ ನೀರಿನಿಂದ ಮೇಲೇಳುತ್ತವೆ. ಜನ ನೋಡಲು ಹೋಗುತ್ತಾರೆ. ಇದನ್ನು ಕಂಡ ಮಕ್ಕಳು ತರಗತಿಯಲ್ಲಿ ಇರಬಹುದು. ಅವರೇ ವರ್ಣಿಸಲಿ. ಆಮೇಲೆ ಕೇಳತಕ್ಕ ಪ್ರಶ್ನೆ: ಈ ಹಳ್ಳಿಗಳು ಮುಳುಗಬೇಕೆಂಬ ತೀರ್ಮಾನ ಎಲ್ಲಿ ಆಯಿತು? ಉತ್ತರ ಮತ್ತೆ ರಾಜಧಾನಿಗೇ ಹೋಗುತ್ತದೆ. ರಾಜಧಾನಿ ಎಂದರೆ ದೂರದ ತೀರ್ಮಾನಗಳು ಹುಟ್ಟುವ ಸ್ಥಳ ಎಂಬ ಅರ್ಥ ಈ ಒಂದು ನಂದಿಯಿಂದ ತಿಳಿಯುವಷ್ಟು ಯಾವ ವ್ಯಾಖ್ಯೆಯಿಂದಲೂ ತಿಳಿಯುವುದಿಲ್ಲ. ತೀರ್ಮಾನದ ಇನ್ನೊಂದು ಮುಖವನ್ನೂ ಹೇಳದೆ ಬಿಡಬಾರದು. ವಾಡಿಕೆಯಂತೆ ಜೂನ್ 12ರಂದು ಈ ಅಣೆಯಿಂದ ನೀರು ಬಿಟ್ಟ ಬಳಿಕವೇ ತಂಜಾವೂರಿನ ಕಡೆಯ ಗದ್ದೆಗಳು ಹಸಿರಾಗುತ್ತವೆ.

ಈಗ ನೀರನ್ನು ಹಿಂಬಾಲಿಸಬೇಕು. ಮೇಟ್ಟೂರಿನಿಂದ ಇಳಿದ ಕಾವೇರಿ ತಿರುಚ್ಚಿಯ ಹತ್ತಿರದ ಮುಕ್ಕೊಂಬಿನಲ್ಲಿ ಕವಲೊಡೆದು, ಬಡಗಣ ಕವಲು ಕೊಳ್ಳಿಡಂ ಎನಿಸುತ್ತದೆ. ಕೊಳ್ಳಿಡಂನ ಕೆಳ ಅಣೆಕಟ್ಟೆಯಿಂದ ವಡವಾರು ಕಾಲುವೆಯ ಮೂಲಕ ನೀರು ವೀರಾಣಂ ಕೆರೆಗೆ ಸೇರುತ್ತದೆ. ಹತ್ತನೆಯ ಶತಮಾನದಲ್ಲಿ ಚೋಳರು ಕಟ್ಟಿಸಿದ ಕೆರೆ ಅದು. 2004ರಿಂದ ಅಲ್ಲಿಯ ನೀರು ಸುಮಾರು 230 ಕಿ.ಮೀ. ಉದ್ದದ ಕೊಳವೆಯಲ್ಲಿ ಚೆನ್ನೈಗೆ ಹರಿಯುತ್ತಿದೆ. ಪಾಲಮಲೆಯ ಮಗು ದಿನವೂ ಮೇಲಿನಿಂದ ನೋಡುವ ನೀರಿನ ಒಂದು ಪಾಲು ರಾಜಧಾನಿಯ ನಲ್ಲಿಯಲ್ಲಿ ಬೀಳುತ್ತದೆ ಎಂದಾಯಿತು.

2019ರ ಬೇಸಿಗೆಯಲ್ಲಿ ಚೆನ್ನೈಯ ನೀರಿನ ಮುಖ್ಯ ಆಸರೆಗಳಾದ ಪೂಂಡಿ, ಚೋಳವರಂ, ಪುೞಲ್, ಚೆಂಬರಂಬಾಕ್ಕಂ ಕೆರೆಗಳು ಬರಿದಾದವು. ಆ ಜುಲೈ ತಿಂಗಳಲ್ಲಿ ಜೋಲಾರ್‌ಪೇಟೆಯಿಂದ ಐವತ್ತು ವ್ಯಾಗನ್‌ಗಳ ರೈಲಿನಲ್ಲಿ ಸರದಿಗೆ ಸುಮಾರು 25 ಲಕ್ಷ ಲೀಟರ್ ನೀರನ್ನು ನಗರಕ್ಕೆ ಸಾಗಿಸಲಾಯಿತು. ಜೋಲಾರ್‌ಪೇಟೆಗೆ ಆ ನೀರು ಬಂದದ್ದು ಮೇಟ್ಟೂರಿನ ಕಾವೇರಿಯಿಂದ, ಕೂಡು ಕುಡಿಯುವ ನೀರಿನ ಯೋಜನೆಯ ಕೊಳವೆಗಳ ಮೂಲಕ. ಸೇಲಂನಿಂದ ಚೆನ್ನೈಗೆ ರೈಲಿನಲ್ಲಿ ಹೋಗುವ ಮಕ್ಕಳು ಅದೇ ಜೋಲಾರ್‌ಪೇಟೆ, ಕಾಟ್ಪಾಡಿ, ಅರಕ್ಕೋಣಂ ದಾರಿಯಲ್ಲಿಯೇ ಹೋಗುತ್ತಾರೆ. ಜೋಲಾರ್‌ಪೇಟೆ ಬಂದಾಗ ಮಕ್ಕಳು ನಿದ್ದೆಯಲ್ಲಿದ್ದರೆ ಎಬ್ಬಿಸುವುದು ಲೇಸು.

ಈ ಭಾಗಕ್ಕೆ ಎರಡು ಅವಧಿಗಳನ್ನು ಕೊಡಬಹುದು. ನಕ್ಷೆಯ ಮೇಲೆ ನೀಲಿ ದಾರದಿಂದ ನೀರಿನ ದಾರಿಯನ್ನೂ ಕಪ್ಪು ದಾರದಿಂದ ರೈಲಿನ ದಾರಿಯನ್ನೂ ಗುರುತಿಸುವ ಕೆಲಸವನ್ನು ಮಕ್ಕಳ ಗುಂಪುಗಳಿಗೇ ವಹಿಸಬೇಕು. ಕಾವೇರಿಯ ನೀರನ್ನು ಕುರಿತು ಎರಡು ರಾಜ್ಯಗಳ ನಡುವಣ ವ್ಯಾಜ್ಯದ ಮಾತು ಇಲ್ಲಿ ಬಂದೇ ಬರುತ್ತದೆ. ಅದನ್ನು ಮುಚ್ಚಿಡುವುದು ಬೇಡ. ಕನ್ನಡ ಮಾತಾಡುತ್ತ ತಮಿಳುನಾಡಿನಲ್ಲಿ ಬದುಕುವ ಮನೆಯ ಮಗು ಆ ನೀರಿನ ಎರಡೂ ಬದಿಯನ್ನು ಬಲ್ಲ ಮಗು ಎಂಬುದನ್ನು ಶಿಕ್ಷಕರು ಮರೆಯದಿದ್ದರೆ ಚರ್ಚೆ ಹಾದಿ ತಪ್ಪುವುದಿಲ್ಲ.

ನಗರದ ಹುಟ್ಟು

ಚೆನ್ನೈಯ ಇತಿಹಾಸವನ್ನು ಪ್ರವಾಸಕ್ಕೆ ಮುನ್ನ ವಿಸ್ತಾರವಾಗಿ ಹೇಳಬೇಕಾಗಿಲ್ಲ; ಹುಟ್ಟಿದ ಬಗೆಯಷ್ಟು ಸಾಕು. 1639ರ ಆಗಸ್ಟ್ 22ರಂದು ಈಸ್ಟ್ ಇಂಡಿಯಾ ಕಂಪನಿಗೆ ಕಡಲ ದಂಡೆಯ ಒಂದು ತುಂಡು ಮರಳ ನೆಲ ದೊರೆಯಿತು. ಕೊಟ್ಟವನು ದಾಮರ್ಲ ವೆಂಕಟಾದ್ರಿ ನಾಯಕ. ಅವನು ವಿಜಯನಗರದ ಕೊನೆಯ ಮನೆತನವಾದ ಅರವೀಡು ದೊರೆಗಳ ಕೈಕೆಳಗಿನ ನಾಯಕನಾಗಿದ್ದನು. ಹಂಪಿಯ ಪಾಠವನ್ನು ಓದಿದ ಕನ್ನಡ ಮಕ್ಕಳಿಗೆ ಇಲ್ಲಿ ಒಂದು ತುದಿ ಸಿಕ್ಕುತ್ತದೆ: ಹಾಳಾದ ಒಂದು ರಾಜಧಾನಿಯ ಉಳಿದ ಅಧಿಕಾರದಿಂದ ಇನ್ನೊಂದು ರಾಜಧಾನಿಯ ಮೊದಲ ಕಲ್ಲಿಗೆ ಜಾಗ ದೊರೆಯಿತು. ವೆಂಕಟಾದ್ರಿಯ ತಂದೆ ಚೆನ್ನಪ್ಪ ನಾಯಕನ ಹೆಸರಿನಿಂದಲೇ ಚೆನ್ನಪಟ್ಟಣ, ಚೆನ್ನೈ ಎಂಬ ಹೆಸರು ಬಂದಿತೆಂಬುದು ರೂಢಿಯ ಅಭಿಪ್ರಾಯ. ಚನ್ನಪಟ್ಟಣವೆಂಬ ಊರು ಬೆಂಗಳೂರು–ಮೈಸೂರು ದಾರಿಯಲ್ಲಿಯೂ ಇರುವುದನ್ನು ಮಕ್ಕಳು ತಾವಾಗಿ ಹೇಳಿದರೆ ಶಿಕ್ಷಕರು ಸಂತೋಷಪಡಬಹುದು.

ಕೋಟೆಯ ಮೊದಲ ಕಟ್ಟಡ 1644ರ ವೇಳೆಗೆ ಎದ್ದಿತು. ಆ ಸೇಂಟ್ ಜಾರ್ಜ್ ಕೋಟೆಯೊಳಗೆ ಇಂದು ತಮಿಳುನಾಡಿನ ವಿಧಾನಸಭೆ ಮತ್ತು ಸಚಿವಾಲಯಗಳಿವೆ. ವ್ಯಾಪಾರಿಗಳು ಕಟ್ಟಿದ ಕೋಟೆ ಪ್ರಜೆಗಳ ಪ್ರತಿನಿಧಿಗಳು ಕೂಡುವ ಸ್ಥಳವಾದದ್ದು ಪೌರನೀತಿಯ ಪಾಠಕ್ಕೆ ಒಳ್ಳೆಯ ಆರಂಭ. ಮದರಾಸು ರಾಜ್ಯ 1969ರಲ್ಲಿ ತಮಿಳುನಾಡು ಎನಿಸಿತು. ನಗರದ ಹೆಸರು ಬದಲಾದದ್ದು 1996ರಲ್ಲಿ. ಹಿರಿಯರು ಇನ್ನೂ ‘ಮದರಾಸಿಗೆ ಹೋಗಿದ್ದೆ’ ಎನ್ನುವುದೇಕೆಂಬುದು ಇದರಿಂದ ತಿಳಿಯುತ್ತದೆ.

ನಗರದಲ್ಲಿ ಪಾಲಮಲೆಯ ನೆರೆಯನ್ನು ಬಲ್ಲ ಒಬ್ಬ ಸವಾರನೂ ಇದ್ದಾನೆ. ಮೌಂಟ್ ರೋಡ್ ಎಂದು ಹೆಸರಾಗಿದ್ದ ಅಣ್ಣಾ ಸಾಲೈಯಿಂದ ಕೋಟೆಯ ಕಡೆಗೆ ಬರುವಾಗ ಐಲೆಂಡ್ ಮೈದಾನದ ಬಳಿ ಕುದುರೆಯ ಮೇಲೆ ಕುಳಿತ ಥಾಮಸ್ ಮನ್ರೋನ ಕಂಚಿನ ಪ್ರತಿಮೆ ಕಾಣುತ್ತದೆ. 1792ರಿಂದ 1799ರವರೆಗೆ ಅವನು ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್‌ನ ಸಹಾಯಕನಾಗಿ ಕಂದಾಯದ ಕೆಲಸ ಮಾಡಿದವನು. ಹೊಲಗಳನ್ನು ಅಳೆದು ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಗೆ ಅಡಿಪಾಯ ಬಿದ್ದದ್ದು ಅಲ್ಲಿಯೇ. ಮುಂದೆ ಅವನು ಮದರಾಸಿನ ಗವರ್ನರ್ ಆದನು. ಪ್ರತಿಮೆಯ ಕುದುರೆಗೆ ಜೀನೂ ರಿಕಾಪೂ ಇಲ್ಲವೆಂಬ ಮಾತು ಪ್ರಸಿದ್ಧವಾಗಿದೆ. ಅದನ್ನು ಮೊದಲೇ ಹೇಳದೆ ‘ಕುದುರೆಯ ಮೇಲೆ ಏನಿಲ್ಲ?’ ಎಂದು ಕೇಳಿದರೆ ಮಕ್ಕಳು ಹುಡುಕುತ್ತಾರೆ.

ನುಡಿಯ ತಯಾರಿ

2006ರ ತಮಿಳು ಕಲಿಕೆ ಕಾಯಿದೆಯ ಬಳಿಕ ಕನ್ನಡ ಮಾಧ್ಯಮದ ಮಕ್ಕಳೂ ತಮಿಳು ಓದಲು ಕಲಿಯುತ್ತಿದ್ದಾರೆ. ಆ ಕಾಯಿದೆ ಭಾಷಾ ಅಲ್ಪಸಂಖ್ಯಾತರ ಪರೀಕ್ಷೆಗಳ ವಿಷಯದಲ್ಲಿ ಎಬ್ಬಿಸಿದ ತೊಡಕುಗಳು ಶಿಕ್ಷಕರಿಗೆ ಗೊತ್ತಿದ್ದವೇ. ಅವುಗಳ ಚರ್ಚೆಗೆ ಇದು ಸ್ಥಳವಲ್ಲ. ಪ್ರವಾಸದ ಮಟ್ಟಿಗೆ ಎರಡು ಲಿಪಿ ಬಲ್ಲ ಮಗುವಿನ ಕೈಯಲ್ಲಿ ಎರಡು ಕೀಲಿಗಳಿವೆ.

ಪಾಲಮಲೆ ಎಂಬ ಹೆಸರಿನಿಂದಲೇ ಆರಂಭಿಸಬಹುದು. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ತಮಿಳಿನಲ್ಲಿ ಹಾಗೆಯೇ ಉಳಿಯಿತು. ಪಾಲ್–ಹಾಲು, ಪಲ್–ಹಲ್ಲು, ಪುಲಿ–ಹುಲಿ, ಪಳ್ಳಿ–ಹಳ್ಳಿ. ಹಾಗಾದರೆ ಪಾಲಮಲೆಯ ‘ಪಾಲ’ ಎಂಬುದು ಹಾಲೋ, ಪಾಲೆ ಎಂಬ ಮರವೋ, ಇನ್ನೇನೋ? ಮಕ್ಕಳು ಊರಿನ ಹಿರಿಯರನ್ನು ಕೇಳಿ ಬರಲಿ. ಎರಡು ಮನೆಗಳಲ್ಲಿ ಎರಡು ಉತ್ತರ ಬಂದರೆ ಎರಡನ್ನೂ ಬರೆದಿಡಬೇಕು. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದೂ ಹೀಗೆಯೇ: ವಾಯಿಲ್–ಬಾಗಿಲು, ವೇರ್–ಬೇರು, ವಾೞೈ–ಬಾಳೆ. ಈ ಎರಡು ಸೂತ್ರಗಳನ್ನು ಹಿಡಿದು ನಗರದ ಫಲಕಗಳನ್ನು ಓದುವ ಆಟ ಆಡಿಸಬಹುದು. ‘ಕುಡಿನೀರ್’ ಎಂಬ ಫಲಕಕ್ಕೆ ಅರ್ಥ ಹೇಳಬೇಕಾಗಿಲ್ಲ. ರಾಜಧಾನಿಗೆ ತಮಿಳಿನಲ್ಲಿ ‘ತಲೈನಗರಂ’ ಎನ್ನುತ್ತಾರೆ. ನಾಡಿನ ತಲೆಯಾದ ನಗರ. ಸಚಿವಾಲಯ ‘ತಲೈಮೈಚ್ ಚೆಯಲಗಂ’.

ಮೋಸಗೊಳಿಸುವ ಪದಗಳೂ ಇವೆ. ಕನ್ನಡದಲ್ಲಿ ನಿಲಯವೆಂದರೆ ಮನೆ ಅಥವಾ ವಿದ್ಯಾರ್ಥಿಗಳ ವಸತಿ. ಚೆನ್ನೈಯಲ್ಲಿ ‘ನಿಲೈಯಂ’ ರೈಲೋ ಬಸ್ಸೋ ನಿಲ್ಲುವ ಸ್ಥಳ. ಕನ್ನಡದ ಅವಸರ ಗಡಿಬಿಡಿಯಾದರೆ, ಅಲ್ಲಿ ‘ಅವಸರ’ ಎಂದು ಬರೆದ ಬಾಗಿಲು ಆಪತ್ತಿನ ಸಮಯದಲ್ಲಿ ಮಾತ್ರ ತೆರೆಯುವಂಥದು. ಇವನ್ನು ಮೊದಲೇ ಹೇಳಿಡುವುದು ಕ್ಷೇಮ.

ೞ ಎಂಬ ಅಕ್ಷರದ ಮೇಲೆ ಕೆಲವು ನಿಮಿಷ ಹೆಚ್ಚು ಕಳೆದರೂ ನಷ್ಟವಿಲ್ಲ. ಇಂದಿನ ಕನ್ನಡ ವರ್ಣಮಾಲೆಯಲ್ಲಿ ಅದಿಲ್ಲ. ಹತ್ತನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಇದೆ. ಬಾಳೆ ಆಗ ಬಾೞೆ, ಏಳು ಆಗ ಏೞ್. ಕನ್ನಡ ಬಿಟ್ಟುಕೊಟ್ಟ ಆ ಅಕ್ಷರ ತಮಿಳಿನಲ್ಲಿ, ‘ತಮಿೞ್’ ಎಂಬ ಹೆಸರಿನಲ್ಲಿಯೇ, ಇಂದಿಗೂ ಬಾಳುತ್ತಿದೆ. ಇದನ್ನು ತಿಳಿದ ಮಗು ಶಾಲೆಯಲ್ಲಿ ತಮಿಳಿನ ಆ ಅಕ್ಷರವನ್ನು ಉಚ್ಚರಿಸಲು ಕಷ್ಟಪಡುವಾಗ ಅದನ್ನು ಪರರ ವಸ್ತುವೆಂದು ತಿಳಿಯುವುದಿಲ್ಲ.

ಎಳುಂಬೂರಿನಲ್ಲಿ ನೋಡತಕ್ಕದ್ದು

ಎಗ್ಮೋರ್ ಎಂದು ಪ್ರಸಿದ್ಧವಾದ ಎಳುಂಬೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1851ರಲ್ಲಿ ಆರಂಭವಾದದ್ದು. ಅಮರಾವತಿಯ ಶಿಲ್ಪಗಳು, ಚೋಳರ ಕಂಚಿನ ವಿಗ್ರಹಗಳು, ತಿಮಿಂಗಿಲದ ಎಲುಬು ಎಲ್ಲವೂ ಅಲ್ಲಿವೆ. ಎಲ್ಲವನ್ನೂ ತೋರಿಸಲು ಹೊರಟ ಶಾಲೆ ಏನನ್ನೂ ತೋರಿಸಿದಂತಾಗುವುದಿಲ್ಲ. ಎರಡು ಗಂಟೆಗಳಲ್ಲಿ ಅಷ್ಟೂ ಕೋಣೆಗಳನ್ನು ಓಡಿಸಿ, ಹೊರಗೆ ಬಂದು ತಲೆ ಎಣಿಸುವ ಪ್ರವಾಸಗಳೇ ಹೆಚ್ಚು. ಅದಕ್ಕಿಂತ ಇಡೀ ತಂಡಕ್ಕೆ ಮೂರು ವಸ್ತು, ಪ್ರತಿ ಮಗುವಿಗೆ ತಾನಾಗಿ ಆಯ್ದ ಇನ್ನೊಂದು ವಸ್ತು ಎಂದು ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು.

ಆ ಮೂರರಲ್ಲಿ ಹೇಮಾವತಿಯಿಂದ ತಂದ ನೊಳಂಬ ಶಿಲ್ಪಗಳು ಒಂದಾಗಿರಲಿ. ಇವುಗಳ ಮೇಲೆ ವಿದ್ವಾಂಸ ಸಿ. ಶಿವರಾಮಮೂರ್ತಿ ಅವರು ಒಂದು ಪ್ರತ್ಯೇಕ ಪುಸ್ತಕವನ್ನೇ ಬರೆದಿದ್ದಾರೆ. ಧರ್ಮಪುರಿಯ ಹಳೆಯ ಹೆಸರು ತಗಡೂರು, ನೊಳಂಬ ಮಹೇಂದ್ರನ ಕಾಲದ, ಶಕ 815ರ (ಕ್ರಿ.ಶ. 893) ಕನ್ನಡ ಶಾಸನವೊಂದು ತಗಡೂರಿನ ಬಸದಿಗೆ ದತ್ತಿ ಬಿಟ್ಟುದನ್ನು ಹೇಳುತ್ತದೆ. ತಮ್ಮ ನೆರೆಯ ಬಯಲಿನಲ್ಲಿ ಸಾವಿರದ ನೂರು ವರ್ಷಗಳ ಹಿಂದೆ ಕನ್ನಡದಲ್ಲಿ ಶಾಸನ ಕಡೆಯಿಸುತ್ತಿದ್ದರು, ಆ ದೊರೆಗಳ ರಾಜಧಾನಿಯ ಕಂಬಗಳು ಈಗ ಇನ್ನೊಂದು ರಾಜಧಾನಿಯಲ್ಲಿವೆ ಎಂಬುದನ್ನು ತರಗತಿಯಲ್ಲಿ ಕೇಳಿ ಹೋದ ಮಗು ಆ ಕಲ್ಲುಗಳ ಮುಂದೆ ನಿಲ್ಲುವ ರೀತಿಯೇ ಬೇರೆ. ಧರ್ಮಪುರಿಯ ಕೋಟೆ ಗುಡಿಗಳಲ್ಲಿ ನೊಳಂಬರ ಕಾಲದ ಕೆಲಸ ಇನ್ನೂ ಇದೆ. ಸಾಧ್ಯವಿದ್ದರೆ ಚೆನ್ನೈಗೆ ಮುನ್ನ ಅಲ್ಲಿಗೆ ಒಂದು ದಿನದ ಭೇಟಿ ನಡೆಯಲಿ.

ವಸ್ತುಸಂಗ್ರಹಾಲಯದ ಆವರಣಕ್ಕೆ ಹೊಂದಿಕೊಂಡೇ 1896ರಲ್ಲಿ ತೆರೆದ ಕನ್ನೆಮರಾ ಗ್ರಂಥಾಲಯವಿದೆ. ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಒಂದು ಪ್ರತಿಯನ್ನು 1954ರ ಕಾಯಿದೆಯಂತೆ ಪಡೆಯುವ ನಾಲ್ಕು ಗ್ರಂಥಾಲಯಗಳಲ್ಲಿ ಇದೊಂದು. ಆದುದರಿಂದ ಕನ್ನಡ ಪುಸ್ತಕಗಳೂ ಇಲ್ಲಿಗೆ ಬರುತ್ತವೆ. ಮೊದಲೇ ಪತ್ರ ಬರೆದು ಅನುಮತಿ ಪಡೆದು, ಒಂದು ಕನ್ನಡ ಪುಸ್ತಕವನ್ನು ಮಕ್ಕಳೇ ಕೇಳಿ ತರಿಸಿಕೊಂಡು ನೋಡುವ ಏರ್ಪಾಡು ಮಾಡಿದರೆ ಅದು ಪ್ರವಾಸದ ಅತಿ ಮುಖ್ಯ ಗಳಿಗೆಯಾದೀತು. ಪತ್ರದ ಕರಡನ್ನು ಮಕ್ಕಳೇ ಬರೆಯಲಿ. ಮನವಿಪತ್ರದ ಪಾಠಕ್ಕೆ ಇದಕ್ಕಿಂತ ನಿಜವಾದ ಸಂದರ್ಭ ಬೇರೆ ಸಿಕ್ಕದು.

ಚೆನ್ನೈಗೂ ಕನ್ನಡಕ್ಕೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಕಿಟ್ಟೆಲರ ಕನ್ನಡ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದಾಗ ಅದನ್ನು ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ. ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳು ಅಲ್ಲಿಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಮಕ್ಕಳಿಗೆ ಇವೆಲ್ಲ ದೂರದ ಮಾತೆನಿಸಿದರೆ, ತಾಳವಾಡಿ ಸೀಮೆಯ ಗಾಜನೂರಿನ ರಾಜಕುಮಾರ್ ಅವರ ಹೆಸರನ್ನು ಎತ್ತಬಹುದು. 1954ರ ‘ಬೇಡರ ಕಣ್ಣಪ್ಪ’ದ ಕಾಲದಲ್ಲಿ ಕನ್ನಡ ಚಲನಚಿತ್ರಗಳು ತಯಾರಾಗುತ್ತಿದ್ದದ್ದು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ, ಅವರು ಬಹುಕಾಲ ವಾಸವಿದ್ದದ್ದೂ ಅಲ್ಲಿಯೇ.

ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು

ಪೂರ್ವಪರಿಚಯ ಅತಿಯಾದರೆ ಪ್ರವಾಸ ಕೆಡುತ್ತದೆ. ಎಲ್ಲ ಚಿತ್ರಗಳನ್ನೂ ಮೊಬೈಲಿನಲ್ಲಿ ತೋರಿಸಿಬಿಟ್ಟರೆ ಮಗು ಅಲ್ಲಿಗೆ ಹೋಗಿ ‘ಹೌದು, ಅದೇ’ ಎನ್ನುತ್ತದೆ, ಅಷ್ಟೆ. ಕಡಲನ್ನಂತೂ ಮೊದಲೇ ತೋರಿಸಲೇಬಾರದು. ಮಲೆಯ ಮಗು ಮರೀನಾದಲ್ಲಿ ಮೊದಲ ಬಾರಿಗೆ ಕಡಲನ್ನು ಕಾಣುವಾಗ ಅದಕ್ಕೆ ಯಾರೂ ವಿವರಣೆ ಕೊಡಬೇಕಾಗಿಲ್ಲ. ಹತ್ತು ನಿಮಿಷ ಸುಮ್ಮನೆ ನಿಲ್ಲಲು ಬಿಡಬೇಕು. ಒಂದೇ ಪ್ರಶ್ನೆಯನ್ನು ಮೊದಲೇ ಕೊಟ್ಟಿರಬಹುದು: ಮೇಟ್ಟೂರಿನ ನೀರಿಗೂ ಇದಕ್ಕೂ ಏನೇನು ಬೇರೆ?

ಪ್ರತಿ ಮಗುವಿಗೂ ಒಂದು ಟಿಪ್ಪಣಿ ಪುಸ್ತಕವಿರಲಿ. ಎಡಪುಟದಲ್ಲಿ ಹೋಗುವ ಮೊದಲು ಕೇಳಿದ್ದು, ಊಹಿಸಿದ್ದು, ಕೇಳಬೇಕೆಂದುಕೊಂಡದ್ದು, ಬಲಪುಟ ಖಾಲಿ. ಊಹೆಗಳನ್ನು ಶಿಕ್ಷಕರು ತಿದ್ದಬಾರದು. ‘ಚೆನ್ನೈಯಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ’ ಎಂದು ಒಂದು ಮಗು ಬರೆದರೆ ಅದು ಹಾಗೆಯೇ ಇರಲಿ; ಬಲಪುಟ ಅದನ್ನು ನೋಡಿಕೊಳ್ಳುತ್ತದೆ. ಕೆಲಸಕ್ಕೆಂದು ನಗರಕ್ಕೆ ಹೋಗಿ ಬಂದ ತಂದೆಯೋ ಸೋದರಮಾವನೋ ಯಾವುದಾದರೂ ಮನೆಯಲ್ಲಿದ್ದರೆ ಅವರನ್ನು ಒಂದು ಅವಧಿಗೆ ತರಗತಿಗೆ ಕರೆಸುವುದು ಅತ್ಯುತ್ತಮ. ಕಟ್ಟಡ ಕಟ್ಟಿದವರಿಗೆ ನಗರದ ಯಾವ ಬೀದಿಯಲ್ಲಿ ಮಳೆನೀರು ನಿಲ್ಲುತ್ತದೆಂಬುದು ಗೊತ್ತಿರುತ್ತದೆ. ಪಠ್ಯಪುಸ್ತಕಕ್ಕೆ ಅದು ಗೊತ್ತಿಲ್ಲ.

ಇನ್ನು ವ್ಯವಸ್ಥೆಯ ಮಾತು. ಚೆನ್ನೈಗೆ ಹೆಚ್ಚು ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದಲ್ಲಿ. 2015ರ ಡಿಸೆಂಬರಿನ ಪ್ರವಾಹವನ್ನು ಯಾರೂ ಮರೆತಿಲ್ಲ. ಜನವರಿ, ಫೆಬ್ರುವರಿ ಅನುಕೂಲ. ಎಳುಂಬೂರಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಇದನ್ನು ಗಮನಿಸದೆ ಹೋದರೆ ಬಾಗಿಲು ನೋಡಿ ಹಿಂತಿರುಗಬೇಕಾಗುತ್ತದೆ. ಮರೀನಾದಲ್ಲಿ ಮಕ್ಕಳನ್ನು ನೀರಿಗಿಳಿಸಬಾರದು. ಅಲ್ಲಿಯ ಸೆಳೆತ ಬಲವಾದದ್ದು, ಈಜು ಬಲ್ಲ ಮಕ್ಕಳೂ ಇದಕ್ಕೆ ಹೊರತಲ್ಲ. ಪ್ರತಿ ಮಗುವಿನ ಕೊರಳ ಚೀಟಿಯಲ್ಲಿ ಶಾಲೆಯ ಹೆಸರು ಮತ್ತು ಶಿಕ್ಷಕರ ದೂರವಾಣಿ ಸಂಖ್ಯೆ ಕನ್ನಡ ಮತ್ತು ತಮಿಳು ಲಿಪಿಗಳೆರಡರಲ್ಲೂ ಇರಬೇಕು. ಕನ್ನಡದಲ್ಲಿ ಮಾತ್ರ ಬರೆದ ಚೀಟಿ ತಪ್ಪಿಸಿಕೊಂಡ ಮಗುವಿಗೆ ಚೆನ್ನೈಯಲ್ಲಿ ನೆರವಾಗದು.

ದೆಹಲಿಗೋ, ಮುಂದೊಂದು ದಿನ ಹೊರದೇಶಕ್ಕೋ ಹೋಗುವ ಮಕ್ಕಳಿಗೂ ಈ ಕ್ರಮವನ್ನೇ ಬಳಸಬಹುದು. ದೆಹಲಿಯ ಪಾಠಕ್ಕೆ ಕಲ್ಕತ್ತೆಯಿಂದ ರಾಜಧಾನಿಯನ್ನು ಬದಲಿಸುವುದಾಗಿ 1911ರಲ್ಲಿ ಸಾರಿ, 1931ರಲ್ಲಿ ಹೊಸ ನಗರವನ್ನು ಉದ್ಘಾಟಿಸಿದ ಕಥೆ ಬಾಗಿಲಾಗುತ್ತದೆ. ಶ್ರೀಲಂಕೆಯಾದರೆ ಕೊಲಂಬೊ ನಗರದ ಮಗ್ಗುಲಲ್ಲಿಯೇ ಶ್ರೀ ಜಯವರ್ಧನಪುರ ಕೋಟ್ಟೆಯಲ್ಲಿ ಸಂಸತ್ತು ಏಕೆ ಇದೆ ಎಂಬ ಪ್ರಶ್ನೆ. ಎಲ್ಲಿಗೆ ಹೋದರೂ ಮೊದಲ ಸೂಜಿಯನ್ನು ಮಗುವಿನ ಊರಿನಲ್ಲಿಯೇ ಚುಚ್ಚಬೇಕು.

ಹಿಂತಿರುಗಿದ ವಾರದಲ್ಲಿ ಪ್ರಬಂಧ ಬರೆಸುವ ಆತುರ ಬೇಡ. ಮೊದಲ ಎರಡು ಅವಧಿಗಳಲ್ಲಿ ಟಿಪ್ಪಣಿ ಪುಸ್ತಕದ ಎಡಪುಟ–ಬಲಪುಟಗಳನ್ನು ಮಕ್ಕಳು ಜೋರಾಗಿ ಓದಲಿ. ಯಾವ ಊಹೆ ನಿಜವಾಯಿತು, ಯಾವುದು ಸುಳ್ಳಾಯಿತು, ಯಾವ ಪ್ರಶ್ನೆಗೆ ಅಲ್ಲಿಯೂ ಉತ್ತರ ಸಿಕ್ಕಲಿಲ್ಲ ಎಂದು ಬೇರೆ ಬೇರೆ ಗುರುತು ಹಾಕಲಿ. ಅಂಕ ಕೊಡಬೇಕಾಗಿದ್ದರೆ ಮೂರನೆಯ ಗುರುತಿಗೆ ಹೆಚ್ಚು ಕೊಡಬಹುದು. ಆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಸಿ, ನಕ್ಷೆಯ ಪಕ್ಕದ ಗೋಡೆಗೆ ಅಂಟಿಸಿಡಬೇಕು; ಮುಂದಿನ ವರ್ಷ ಚೆನ್ನೈಗೆ ಹೋಗುವ ತಂಡದ ಎಡಪುಟ ಅದರಿಂದ ಆರಂಭವಾಗುತ್ತದೆ.